ಅಮೆರಿಕದ ಕಾಲೇಜು ಕ್ರೀಡೆ: ಓದುವ ಮಕ್ಕಳಿಗೆ ಲಾಭವೋ, ಹೊರೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಒಂದು ದೊಡ್ಡ ಕಾಲೇಜಿನಲ್ಲಿ ಎಂಟು ವರ್ಷ ಸಂಜೆ ಹೊತ್ತು ಆಟಗಾರ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟೆ. ಈ ವಿಷಯ ಒಬ್ಬರಿಂದ ಒಬ್ಬರಿಗೆ ತಿಳಿದ ಮೇಲೆ ಇಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರು, ಅವರ ಮಕ್ಕಳು ಪ್ರಶ್ನೆ ಕಳಿಸುತ್ತಲೇ ಇದ್ದಾರೆ. ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನನಗೆ ಕ್ರೀಡೆಯ ಮೇಲೆ ಪ್ರೀತಿ ಇದೆ, ಅದನ್ನು ನಡೆಸುವ ರೀತಿಯ ಮೇಲೆ ಸ್ವಲ್ಪ ಸಿಟ್ಟೂ ಇದೆ. ಉತ್ತರಗಳಲ್ಲಿ ಎರಡೂ ಕಾಣಬಹುದು.

## ಮೊದಲ ಪ್ರಶ್ನೆಗಳು

ಕಾಲೇಜಿಗೆ ಹೋಗೋದು ಓದೋಕೆ ತಾನೇ? ಇಲ್ಲಿ ಆಟ ಯಾಕೆ ಇಷ್ಟು ದೊಡ್ಡ ವಿಷಯ?

ಶುರುವಿನಿಂದಲೂ ಇದರಲ್ಲಿ ದುಡ್ಡಿನ ವಾಸನೆ ಇದೆ. ಅಮೆರಿಕದ ಮೊದಲ ಅಂತರಕಾಲೇಜು ಸ್ಪರ್ಧೆ ನಡೆದಿದ್ದು 1852ರಲ್ಲಿ, ನ್ಯೂ ಹ್ಯಾಂಪ್‌ಷೈರ್‌ನ ಒಂದು ಸರೋವರದಲ್ಲಿ. ಹಾರ್ವರ್ಡ್ ಮತ್ತು ಯೇಲ್ ಹುಡುಗರ ದೋಣಿ ಸ್ಪರ್ಧೆ ಅದು. ಖರ್ಚು ಕೊಟ್ಟಿದ್ದು ಒಂದು ರೈಲು ಕಂಪನಿ, ಆ ಕಡೆಗೆ ಪ್ರವಾಸಿಗರು ಬರಲಿ ಅಂತ! 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯಿತು. (ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್. ನಾವು ಫುಟ್‌ಬಾಲ್ ಅನ್ನುವುದಕ್ಕೆ ಇಲ್ಲಿ ಸಾಕರ್ ಅನ್ನುತ್ತಾರೆ.) ಆ ಆಟ ಎಷ್ಟು ಒರಟಾಯಿತೆಂದರೆ ಹುಡುಗರು ಪ್ರಾಣ ಕಳೆದುಕೊಳ್ಳತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಮರುವರ್ಷ ಹುಟ್ಟಿದ ಸಂಘವೇ ಕಾಲೇಜು ಕ್ರೀಡೆಯ ನಿಯಮ ಮಾಡುವ ಇವತ್ತಿನ ಎನ್‌ಸಿಎಎ. ಈಗ ಅದರಡಿ ಸುಮಾರು 1,100 ಕಾಲೇಜುಗಳಿವೆ, 5 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಆಡುತ್ತಾರೆ.

ಡಿವಿಷನ್ ಒಂದು, ಎರಡು, ಮೂರು ಅಂತಾರಲ್ಲ, ಏನದು?

ಮಗು ಯಾವ ಡಿವಿಷನ್‌ನಲ್ಲಿ ಆಡುತ್ತದೆ ಎಂಬುದರ ಮೇಲೆ ಮುಂದಿನ ನಾಲ್ಕು ವರ್ಷ ನಿಂತಿರುತ್ತದೆ. ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಟಿವಿಯಲ್ಲಿ ಕಾಣುವುದೆಲ್ಲ ಹೆಚ್ಚಾಗಿ ಇದೇ. ಎರಡರಲ್ಲಿ ಸ್ವಲ್ಪ ಸ್ಕಾಲರ್‌ಶಿಪ್, ಸ್ವಲ್ಪ ಕಡಿಮೆ ಒತ್ತಡ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆದರೆ ಅಲ್ಲಿ ಆಟಕ್ಕೆಂದೇ ಸ್ಕಾಲರ್‌ಶಿಪ್ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಇರುವುದು ಡಿವಿಷನ್ ಒಂದರಲ್ಲೇ, ಆದರೂ ಅವರೂ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದಿಲ್ಲ.

ಇದರ ಹೊರಗೆ ಇನ್ನೆರಡು ಬಗೆ ಇವೆ. ಕ್ಲಬ್ ತಂಡಗಳನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ, ಬೇರೆ ಕಾಲೇಜಿನವರ ಜೊತೆ ಆಡುತ್ತಾರೆ. ಇಂಟ್ರಾಮ್ಯೂರಲ್ ಅಂದರೆ ಕಾಲೇಜಿನೊಳಗೇ ಹಾಸ್ಟೆಲ್ ಹಾಸ್ಟೆಲ್ ನಡುವೆ ಆಡುವುದು. ಯಾರೂ ಇವುಗಳ ಬಗ್ಗೆ ಕೇಳುವುದಿಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಇದೇ ಸಾಕು ಅಂತ ನನ್ನ ಲೆಕ್ಕ.

ನಮ್ಮ ಹುಡುಗ ಕ್ರಿಕೆಟ್ ತುಂಬಾ ಚೆನ್ನಾಗಿ ಆಡ್ತಾನೆ. ಸ್ಕಾಲರ್‌ಶಿಪ್ ಸಿಗುತ್ತಾ?

ಎನ್‌ಸಿಎಎ ಪಟ್ಟಿಯಲ್ಲಿ ಕ್ರಿಕೆಟ್ ಇಲ್ಲ, ಬ್ಯಾಡ್ಮಿಂಟನ್ನೂ ಇಲ್ಲ. ಎರಡೂ ಕ್ಲಬ್ ಆಟಗಳಾಗಿ ನಡೆಯುತ್ತವೆ. ಟೆನಿಸ್, ಈಜು, ಫೆನ್ಸಿಂಗ್, ಗಾಲ್ಫ್, ಓಟ ಇವೆ.

ಆಟದಿಂದ ನಿಜವಾಗಿ ಏನು ಸಿಗುತ್ತೆ? ಶಿಸ್ತು, ನಾಯಕತ್ವ ಅಂತ ಹೇಳ್ಬೇಡಿ, ಅದನ್ನ ಎಲ್ಲರೂ ಹೇಳ್ತಾರೆ.

ಸರಿ, ಆ ಎರಡು ಪದ ಬಿಡೋಣ. ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಒಂಟಿತನ ಇಲ್ಲ. ಉಳಿದ ಮಕ್ಕಳು ಮೊದಲ ತಿಂಗಳು ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದುಕೊಂಡು ಯಾರ ಪಕ್ಕ ಕೂರಲಿ ಅಂತ ನೋಡುತ್ತಿರುತ್ತಾರೆ. ಆಟಗಾರರಿಗೆ ತರಗತಿ ಶುರುವಾಗುವ ಮೊದಲೇ ಮೂವತ್ತು ಜನರ ಗುಂಪು ಸಿಕ್ಕಿರುತ್ತದೆ. ಮನೆಯಿಂದ ಮೊದಲ ಸಲ ದೂರ ಬಂದ ಹದಿನೆಂಟರ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು, ತಪ್ಪು ಹೇಳಿಸಿಕೊಳ್ಳುವ ಅಭ್ಯಾಸ. ಜಾಣ ಮಕ್ಕಳಿಗೆ ಇದು ಬಹಳ ಕಷ್ಟ. ನನ್ನ ಹತ್ತಿರ ಬರುತ್ತಿದ್ದ ಸಾಮಾನ್ಯ ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಲೆಕ್ಕ ತಪ್ಪಾದರೆ ಮುಖ ಸಣ್ಣದು ಮಾಡಿಕೊಂಡು ಮುಂದಿನ ವಾರ ಬರುತ್ತಲೇ ಇರಲಿಲ್ಲ. ಆಟಗಾರರಿಗೆ ದಿನಾ ಬೆಳಿಗ್ಗೆ ಎಲ್ಲರ ಎದುರೇ "ಮೊಣಕೈ ಕೆಳಗಿದೆ, ಮತ್ತೆ ಮಾಡು" ಅಂತ ಕೇಳಿ ಕೇಳಿ ರೂಢಿ. ಲೆಕ್ಕ ತಪ್ಪು ಅಂದರೆ "ಎಲ್ಲಿ?" ಅಂತ ಕೇಳಿ ರಬ್ಬರ್ ತೆಗೆದುಕೊಳ್ಳುತ್ತಿದ್ದರು. ಅಷ್ಟೇ.

ಮೂರನೆಯದು, ಸೌಲಭ್ಯ. ಉಚಿತ ಟ್ಯೂಟರ್, ಸಲಹೆಗಾರರು, ಫಿಸಿಯೋ, ಎಷ್ಟೋ ಕಡೆ ಉಳಿದವರಿಗಿಂತ ಮೊದಲೇ ಕೋರ್ಸ್ ಆರಿಸಿಕೊಳ್ಳುವ ಅವಕಾಶ. ಇದು ಎಲ್ಲ ವಿದ್ಯಾರ್ಥಿಗಳಿಗೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಹೊಟ್ಟೆ ಉರಿಯುತ್ತಿತ್ತು.

## ಸಮಯ ಮತ್ತು ಓದು

ವಾರಕ್ಕೆ 20 ಗಂಟೆ ಮಾತ್ರ ಅಭ್ಯಾಸ ಅಂತ ಕೋಚ್ ಹೇಳಿದ್ರು. ನಿಜಾನಾ?

ನಿಯಮ ನಿಜ. ಡಿವಿಷನ್ ಒಂದರಲ್ಲಿ ಪಂದ್ಯಗಳ ಋತು ನಡೆಯುವಾಗ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ, ವಾರದಲ್ಲಿ ಒಂದು ದಿನ ರಜೆ. ಆದರೆ ಏನು ಎಣಿಸುತ್ತಾರೆ, ಏನು ಬಿಡುತ್ತಾರೆ ಅನ್ನುವುದರಲ್ಲಿ ಇದರ ಗುಟ್ಟಿದೆ. ಪಂದ್ಯ ಎಷ್ಟು ಹೊತ್ತು ನಡೆದರೂ 3 ಗಂಟೆ ಅಂತಲೇ ಬರೆದುಕೊಳ್ಳುತ್ತಾರೆ. ಪ್ರಯಾಣ ಲೆಕ್ಕಕ್ಕಿಲ್ಲ. ಫಿಸಿಯೋ ಹತ್ತಿರ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದು ಲೆಕ್ಕಕ್ಕಿಲ್ಲ. 'ಇಷ್ಟವಿದ್ದರೆ ಬನ್ನಿ' ಅನ್ನುವ ಅಭ್ಯಾಸವೂ ಲೆಕ್ಕಕ್ಕಿಲ್ಲ. ಅದಕ್ಕೆ ಬಾರದವರು ತಂಡದಲ್ಲಿ ಉಳಿಯುವುದು ಅಷ್ಟರಲ್ಲೇ ಇದೆ ಬಿಡಿ. ಎನ್‌ಸಿಎಎ ತಾನೇ ನಡೆಸಿದ ಸಮೀಕ್ಷೆಗಳಲ್ಲಿ ಡಿವಿಷನ್ ಒಂದರ ಮಕ್ಕಳು ವಾರಕ್ಕೆ 30 ಗಂಟೆಗೂ ಹೆಚ್ಚು ಆಟಕ್ಕೇ ಹೋಗುತ್ತದೆ ಅಂದಿದ್ದಾರೆ. ದೊಡ್ಡ ಫುಟ್‌ಬಾಲ್ ತಂಡಗಳಲ್ಲಿ ಅದು 40 ದಾಟುತ್ತದೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಈಜುಗಾರ್ತಿಯ ದಿನ ಹೀಗಿತ್ತು. ಬೆಳಿಗ್ಗೆ 5:15ಕ್ಕೆ ಅಲಾರಂ. 7:30ರ ತನಕ ನೀರು. 9ರಿಂದ 12 ತರಗತಿ. ಮಧ್ಯಾಹ್ನ ಒಂದಕ್ಕೆ ಜಿಮ್, ಎರಡೂವರೆಯಿಂದ ಮತ್ತೆ ನೀರು. ಸಂಜೆ 7ಕ್ಕೆ ನನ್ನ ಟೇಬಲ್. ಕೂದಲು ಇನ್ನೂ ಒದ್ದೆ, ಪಕ್ಕ ಕೂತರೆ ಕ್ಲೋರಿನ್ ವಾಸನೆ. ನಾನು ಹಾಳೆಯ ಮೇಲೆ ಒಂದು ಗ್ರಾಫ್ ಬರೆದು ತಲೆ ಎತ್ತಿದರೆ ಅವಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಳು. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಕಣ್ಣು ತೆರೆದಿತ್ತು. ಅವಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬಂದರೆ ಅದೇ ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು.

ಆದ್ದರಿಂದ "ಆಟ ಆಡಿದರೆ ಓದು ಹಾಳಾಗುತ್ತಾ?" ಅಂತ ಕೇಳಬೇಡಿ. ಮಗುವಿನ ಗಂಟೆಗಳು ಯಾರ ಕೈಯಲ್ಲಿವೆ ಅಂತ ಕೇಳಿ. ಅವು ತನ್ನ ಕೈಯಲ್ಲಿದ್ದ ಮಕ್ಕಳಿಗೆ ಆಟ ಓದಿಗೂ ನೆರವಾಗಿದ್ದನ್ನು ನೋಡಿದ್ದೇನೆ.

ಪಂದ್ಯಕ್ಕೆ ಹೋದಾಗ ತಪ್ಪಿದ ಕ್ಲಾಸು, ಪರೀಕ್ಷೆ ಏನಾಗುತ್ತೆ?

ಸೆಮಿಸ್ಟರ್‌ನ ಮೊದಲ ವಾರವೇ ಆಟಗಾರರು ಪ್ರೊಫೆಸರ್ ಕೈಗೆ ಒಂದು ಪತ್ರ ಕೊಡುತ್ತಾರೆ. ಯಾವ ಯಾವ ದಿನ ಇರುವುದಿಲ್ಲ ಅಂತ ಅದರಲ್ಲಿ ಪಟ್ಟಿ ಇರುತ್ತದೆ. ಕೆಲವರು ಸರಿ ಅಂತಾರೆ, ಕೆಲವರು ಮುಖ ಗಂಟು ಹಾಕುತ್ತಾರೆ. ಪರೀಕ್ಷೆಯನ್ನು ಹೋಟೆಲಿನ ಮೀಟಿಂಗ್ ರೂಮಿನಲ್ಲಿ, ತಂಡದ ಜೊತೆ ಬಂದ ಸಲಹೆಗಾರರ ಎದುರು ಬರೆಯುವುದೂ ಉಂಟು.

ಈಗ ಪ್ರಯಾಣ ಹಿಂದಿಗಿಂತ ಜಾಸ್ತಿಯಾಗಿದೆ. 2024ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಬಿಗ್ ಟೆನ್ ಎಂಬ ಕಾನ್ಫರೆನ್ಸ್ (ಹೆಚ್ಚಾಗಿ ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜುಗಳ ಗುಂಪು) ಸೇರಿತು. ಅದೇ ಗುಂಪಿನ ರಟ್ಗರ್ಸ್ ಇರುವುದು ನ್ಯೂಜೆರ್ಸಿಯಲ್ಲಿ, ದೇಶದ ಇನ್ನೊಂದು ತುದಿ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಈಗ 'ಅಟ್ಲಾಂಟಿಕ್ ಕೋಸ್ಟ್' ಕಾನ್ಫರೆನ್ಸ್‌ನಲ್ಲಿದೆ! ಫುಟ್‌ಬಾಲ್ ಪ್ರಸಾರದ ದುಡ್ಡಿಗಾಗಿ ಆದ ಬದಲಾವಣೆ ಇದು. ವಾರದ ಮಧ್ಯೆ ಪಂದ್ಯ ಆಡಿ ಮೂರು ಗಂಟೆಯ ಕಾಲಮಾನ ವ್ಯತ್ಯಾಸ ಹೊತ್ತು ಬರುವವರು ವಾಲಿಬಾಲ್, ಸಾಕರ್ ಆಡುವ ಮಕ್ಕಳು.

ಎಂಜಿನಿಯರಿಂಗ್ ಅಥವಾ ಮೆಡಿಕಲ್‌ಗೆ ಹೋಗೋ ಕೋರ್ಸ್ ಓದ್ತಾ ಆಡೋಕೆ ಆಗುತ್ತಾ?

ಆಗುತ್ತದೆ, ಸುಲಭವಲ್ಲ. ಲ್ಯಾಬ್ ಇರುವುದು ಮಧ್ಯಾಹ್ನ, ಅಭ್ಯಾಸ ಇರುವುದೂ ಮಧ್ಯಾಹ್ನ. ಎರಡು ಕತ್ತಿ ಒಂದೇ ಒರೆಯಲ್ಲಿ.

ಇನ್ನೊಂದು ಅಡಚಣೆ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಡಿವಿಷನ್ ಒಂದರಲ್ಲಿ ಆಡುತ್ತಿರಬೇಕಾದರೆ ಎರಡನೇ ವರ್ಷದ ಕೊನೆಗೆ ಪದವಿಯ ಶೇಕಡ 40, ಮೂರನೇ ವರ್ಷಕ್ಕೆ 60, ನಾಲ್ಕಕ್ಕೆ 80 ಮುಗಿದಿರಬೇಕು. ನೋಡಲು ಒಳ್ಳೆಯ ನಿಯಮ. ಆದರೆ ಎರಡನೇ ವರ್ಷದಲ್ಲಿ "ನನಗೆ ಇದು ಬೇಡ, ಕಂಪ್ಯೂಟರ್ ಸೈನ್ಸ್ ಬೇಕು" ಅಂತ ಮಗುವಿಗೆ ಅನ್ನಿಸಿದರೆ ಹಳೆಯ ಕ್ರೆಡಿಟ್‌ಗಳು ಹೊಸ ಪದವಿಗೆ ಸೇರದೆ ಶೇಕಡಾವಾರು ಕುಸಿಯುತ್ತದೆ, ಆಡುವ ಅರ್ಹತೆಯೇ ಹೋಗಬಹುದು. ಉಳಿದ ವಿದ್ಯಾರ್ಥಿಗಳು ಮನಸ್ಸು ಬದಲಾಯಿಸಿದ ಹಾಗೆ ಇವರು ಬದಲಾಯಿಸುವಂತಿಲ್ಲ. ಒಂದೇ ತಂಡದ ಎಷ್ಟೋ ಮಕ್ಕಳು ಒಂದೇ ಮುಖ್ಯ ವಿಷಯದಲ್ಲಿ, ಅಂದರೆ ಒಂದೇ ಮೇಜರ್‌ನಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ ಕಾಲೇಜು ಕ್ರೀಡೆಯ ದೊಡ್ಡ ನಷ್ಟ ಮುರಿದ ಮೂಳೆಯಲ್ಲ, ಕೈಬಿಟ್ಟ ಆ ಮೇಜರ್.

ಎಂಜಿನಿಯರಿಂಗ್ ಮೇಲೆ ನಿಜವಾದ ಆಸೆ ಇದ್ದರೆ ಡಿವಿಷನ್ ಮೂರನ್ನು ನೋಡಿ. ಎಂಐಟಿಯಲ್ಲಿ 30ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಅವುಗಳಲ್ಲಿ ಬಹುಪಾಲು ಆಡುವುದು ಮೂರನೇ ಡಿವಿಷನ್‌ನಲ್ಲೇ.

ಆಟಗಾರರ ಹೋಂವರ್ಕ್ ಬೇರೆಯವರು ಬರೀತಾರೆ, ಸುಮ್ನೆ ಪಾಸ್ ಮಾಡಿಸ್ತಾರೆ ಅಂತಾರೆ. ಹೌದಾ?

ನಡೆದದ್ದುಂಟು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್‌ನಲ್ಲಿ ಸುಮಾರು 18 ವರ್ಷ ಹೆಸರಿಗಷ್ಟೇ ಇದ್ದ ತರಗತಿಗಳು ನಡೆದವು. ಪಾಠವೇ ಇಲ್ಲ, ಒಂದು ಪ್ರಬಂಧ ಕೊಟ್ಟರೆ ಸಾಕು, ಒಳ್ಳೆಯ ಗ್ರೇಡ್. 2014ರ ತನಿಖಾ ವರದಿಯ ಪ್ರಕಾರ 3,100ರಷ್ಟು ವಿದ್ಯಾರ್ಥಿಗಳು ಅದನ್ನು ತೆಗೆದುಕೊಂಡಿದ್ದರು, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಟಗಾರರು. ಆಟಗಾರರಲ್ಲದವರಿಗೂ ಆ ತರಗತಿ ತೆರೆದಿತ್ತು ಎಂಬ ಕಾರಣಕ್ಕೆ 2017ರಲ್ಲಿ ಎನ್‌ಸಿಎಎ ಆ ವಿಷಯಕ್ಕೆ ದಂಡ ಹಾಕಲಿಲ್ಲ. ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನಾನಿದ್ದ ಕಡೆ ನಿಯಮ ಬಿಗಿ. ವಿದ್ಯಾರ್ಥಿಯ ಪೆನ್ಸಿಲ್ ನಮ್ಮ ಕೈಗೆ ಬರುವಂತಿಲ್ಲ, ಅವರ ಕೀಬೋರ್ಡ್ ಮುಟ್ಟುವಂತಿಲ್ಲ. ನಮ್ಮ ಹಾಳೆಯಲ್ಲಿ ಬೇರೆ ಉದಾಹರಣೆ ಬರೆದು ತೋರಿಸಿ, ಹೋಗುವಾಗ ಆ ಹಾಳೆಯನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು.

ಇನ್ನು ಪದವಿ ಮುಗಿಸುವವರ ಲೆಕ್ಕ. ಡಿವಿಷನ್ ಒಂದರಲ್ಲಿ ಶೇಕಡ 90ರ ಆಸುಪಾಸು ಅಂತ ಎನ್‌ಸಿಎಎ ಹೇಳುತ್ತದೆ. ಆದರೆ ಒಳ್ಳೆಯ ಅಂಕಗಳಿದ್ದು ಬೇರೆ ಕಡೆಗೆ ಹೋದವರನ್ನು ಆ ಲೆಕ್ಕದಿಂದ ಬಿಡುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಬಿಡುವುದಿಲ್ಲ, ಅಲ್ಲಿ ಸಂಖ್ಯೆ ತುಂಬ ಕಡಿಮೆ ಬರುತ್ತದೆ. ಸಂಖ್ಯಾಶಾಸ್ತ್ರದವನ ಕಿವಿಮಾತು: ಯಾವುದೇ ಶೇಕಡಾವಾರು ಕಂಡರೂ ಯಾರನ್ನು ಎಣಿಸಿಲ್ಲ ಅಂತ ಮೊದಲು ಕೇಳಿ.

## ದುಡ್ಡಿನ ಪ್ರಶ್ನೆಗಳು

ಸ್ಕಾಲರ್‌ಶಿಪ್ ಸಿಕ್ಕರೆ ನಾಲ್ಕು ವರ್ಷದ ಫೀಸು ಮುಗೀತು ಅಲ್ವಾ?

ಹೆಚ್ಚಿನ ಆಟಗಳಲ್ಲಿ ಇಲ್ಲ. ಪೂರ್ತಿ ಸ್ಕಾಲರ್‌ಶಿಪ್ ಅನ್ನುವುದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಕೆಲವೇ ಆಟಗಳ ಮಾತಾಗಿತ್ತು. ಬೇಸ್‌ಬಾಲ್‌ನಲ್ಲಿ ಬಹಳ ವರ್ಷ 11.7 ಸ್ಕಾಲರ್‌ಶಿಪ್‌ಗಳನ್ನು 27 ಹುಡುಗರಿಗೆ ಹಂಚುತ್ತಿದ್ದರು. 2025ರಿಂದ ಹೊಸ ವ್ಯವಸ್ಥೆಗೆ (ಮುಂದಿನ ಉತ್ತರದಲ್ಲಿ ಹೇಳಿರುವ ರಾಜಿಗೆ) ಸೇರಿದ ಕಾಲೇಜುಗಳಲ್ಲಿ ಈ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ. ಬೇಸ್‌ಬಾಲ್‌ಗೆ 34, ಫುಟ್‌ಬಾಲ್‌ಗೆ 105. ಎಲ್ಲರಿಗೂ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರುತ್ತಿದ್ದ 'ವಾಕ್ ಆನ್' ಮಕ್ಕಳಿಗೆ ಇದರಿಂದ ಜಾಗ ಕಡಿಮೆಯಾಯಿತು.

ಒಂದು ಒಳ್ಳೆಯ ಸುದ್ದಿ ಇದೆ. 2024ರ ಆಗಸ್ಟ್‌ನಿಂದ ಡಿವಿಷನ್ ಒಂದರ ಕಾಲೇಜುಗಳು ಆಟ ಚೆನ್ನಾಗಿಲ್ಲ ಅಂತಲೋ ಗಾಯವಾಯಿತು ಅಂತಲೋ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ. ಆದರೆ ಮಗು ತಾನಾಗಿ ತಂಡ ಬಿಟ್ಟರೆ ಮಾತು ಬೇರೆ. ಸಹಿ ಹಾಕುವ ಮುನ್ನ ಕಾಗದವನ್ನು ಕೊನೆಯ ಸಾಲಿನ ತನಕ ಓದಿ.

ಈಗ ಆಟಗಾರರಿಗೆ ಕಾಲೇಜೇ ದುಡ್ಡು ಕೊಡುತ್ತಂತೆ?

ಹೌದು. 2021ರ ಜುಲೈನಿಂದ ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಸಂಪಾದಿಸುವ ಅವಕಾಶ ಬಂತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ನೇರವಾಗಿ ಆದಾಯ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಅದರಲ್ಲಿ ಸಿಂಹಪಾಲು ಹೋಗುವುದು ಫುಟ್‌ಬಾಲ್‌ಗೆ, ಆಮೇಲೆ ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ. ನಿಮ್ಮ ಮಗಳು ಟೆನಿಸ್ ಆಡುತ್ತಿದ್ದರೆ ಇದನ್ನು ನಂಬಿ ಸಾಲ ಮಾಡಬೇಡಿ.

ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇನ್ನೂ ಹುಷಾರಾಗಿರಬೇಕು. ಎಫ್-1 ವೀಸಾದಲ್ಲಿ ಕೆಲಸ ಮಾಡಲು ಕಟ್ಟುನಿಟ್ಟಿನ ಮಿತಿಗಳಿವೆ. ಜಾಹೀರಾತಿಗೆ ಒಪ್ಪಿಕೊಂಡರೆ ವೀಸಾಕ್ಕೇ ಕುತ್ತು ಬರಬಹುದು. ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ವಲಸೆ ವಕೀಲರನ್ನೂ ಕೇಳದೆ ಒಂದು ಡಾಲರ್ ಕೂಡ ಮುಟ್ಟಬೇಡಿ.

ನನ್ನ ಮಗ ಆಡೋದೇ ಇಲ್ಲ. ಅವನ ಫೀಸಿನಲ್ಲಿ 'ಅಥ್ಲೆಟಿಕ್ಸ್' ಅಂತ ಯಾಕಿದೆ?

ಯಾಕೆಂದರೆ ಬಹುಪಾಲು ಕಾಲೇಜುಗಳಲ್ಲಿ ಕ್ರೀಡಾ ವಿಭಾಗದ ಖರ್ಚು ಅದರ ಗಳಿಕೆಗಿಂತ ಜಾಸ್ತಿ. ಟಿವಿಯಲ್ಲಿ ಕಾಣುವ ಹಣದ ಹೊಳೆ ಹರಿಯುವುದು ಬೆರಳೆಣಿಕೆಯ ಕಾಲೇಜುಗಳಿಗೆ. ಉಳಿದವು ವಿದ್ಯಾರ್ಥಿಗಳ ಫೀಸಿನಿಂದಲೂ ಕಾಲೇಜಿನ ಬೊಕ್ಕಸದಿಂದಲೂ ತೂಗಿಸುತ್ತವೆ. ಅತ್ತ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ಸಂಬಳದಾರರ ಪೈಕಿ ಎಲ್ಲರಿಗಿಂತ ಹೆಚ್ಚು ಪಡೆಯುವವರು ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಫೀಸು ಹೇಗೂ ಕೊಟ್ಟಿದ್ದೀರಿ, ಮಗನಿಗೆ ಜಿಮ್‌ಗಾದರೂ ಹೋಗಲು ಹೇಳಿ.

## ಮೈ, ಮನಸ್ಸು

ಗಾಯ ಆದರೆ ಯಾರು ನೋಡ್ಕೋತಾರೆ?

ತಂಡದಲ್ಲಿ ಇರುವಷ್ಟು ದಿನ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಹಳೆಯ ದೂರು ಇದ್ದದ್ದು ಆಮೇಲಿನದರ ಬಗ್ಗೆ. ಈಗ ಡಿವಿಷನ್ ಒಂದರ ಕಾಲೇಜುಗಳು ಆಟದಲ್ಲಾದ ಗಾಯಕ್ಕೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆಯ ಖರ್ಚು ನೋಡಿಕೊಳ್ಳಬೇಕು. ಮಂಡಿ ನೋವು ಮಾತ್ರ ಎರಡು ವರ್ಷಕ್ಕೆ ಮುಗಿಯುವುದಿಲ್ಲ, ಅಲ್ವಾ?

ಹೆಣ್ಣುಮಕ್ಕಳ ಪೋಷಕರು ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಬಗ್ಗೆ ತಿಳಿದಿರಲಿ. ಸಾಕರ್, ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು ಒಂಬತ್ತು ತಿಂಗಳು, ವರ್ಷ ಬೇಕು. ನೆಗೆದು ಇಳಿಯುವ ರೀತಿಯನ್ನು ತಿದ್ದುವ ವ್ಯಾಯಾಮಗಳಿಂದ ಈ ಅಪಾಯ ಕಡಿಮೆಯಾಗುತ್ತದೆ. ತಂಡದಲ್ಲಿ ಅದನ್ನು ಮಾಡಿಸುತ್ತಾರಾ ಅಂತ ಕೇಳಿ.

ತಲೆಗೆ ಪೆಟ್ಟು ಬಿದ್ದರೆ ಅದೇ ದಿನ ಮತ್ತೆ ಮೈದಾನಕ್ಕೆ ಇಳಿಯುವಂತಿಲ್ಲ, ವೈದ್ಯರು ಒಪ್ಪಬೇಕು. ಅಪಾಯ ಇರುವುದು ಮಕ್ಕಳು ಮುಚ್ಚಿಡುವುದರಲ್ಲಿ. "ಏನಿಲ್ಲ, ಚೆನ್ನಾಗಿದ್ದೀನಿ" ಅಂದ ಹುಡುಗ ನನ್ನ ಎದುರು ಒಂದೇ ಸಾಲನ್ನು ನಾಲ್ಕು ಸಲ ಓದಿದ. ನಾನು ಫೋನ್ ಎತ್ತಿಕೊಂಡೆ. ಅವನು ಎರಡು ವಾರ ನನ್ನ ಜೊತೆ ಮಾತು ಬಿಟ್ಟ.

ಮಗಳು ಓಟಗಾರ್ತಿ. ತೂಕ ಇಳಿಸು ಅಂತ ಕೋಚ್ ಹೇಳ್ತಾರೆ. ಪರವಾಗಿಲ್ವಾ?

ಪರವಾಗಿಲ್ಲ ಅನ್ನಲಾರೆ. ಸುಡುವಷ್ಟು ಶಕ್ತಿಯನ್ನು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಸಣ್ಣ ಬಿರುಕು ಬರುತ್ತದೆ. ಮುಟ್ಟು ತಪ್ಪಿದರೆ "ಓಟಗಾರರಿಗೆ ಇದು ಮಾಮೂಲು" ಅಂತ ಯಾರಾದರೂ ಹೇಳಿದರೆ ನಂಬಬೇಡಿ, ವೈದ್ಯರ ಹತ್ತಿರ ಕರೆದೊಯ್ಯಿರಿ. ಹುಡುಗರೂ ಇದರಿಂದ ಪಾರಲ್ಲ. 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಕುಸ್ತಿಯ ತೂಕದ ನಿಯಮಗಳು ಬದಲಾದದ್ದು ಆಮೇಲೆ.

ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಇದೆಯಾ?

ಶಿಕ್ಷಣದಲ್ಲಿ ಗಂಡು-ಹೆಣ್ಣಿನ ಭೇದ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾನೂನಿನ ಮುಂಚೆ ಕಾಲೇಜು ತಂಡಗಳಲ್ಲಿ 30,000ದಷ್ಟು ಹುಡುಗಿಯರೂ ಇರಲಿಲ್ಲ. ಈಗ 2 ಲಕ್ಷ ದಾಟಿದ್ದಾರೆ. ಹುಡುಗರಿಗೆ ಸಮನಾಗಿ ಇನ್ನೂ ಆಗಿಲ್ಲ. ಆದರೂ ಕಾನೂನೊಂದು ಇಷ್ಟು ನೇರವಾಗಿ ಕೆಲಸ ಮಾಡಿದ್ದು ಅಪರೂಪ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ದೊಡ್ಡ ಹೆಸರಿನ ಕಾಲೇಜು ಸೇರೋಕೆ ಆಟ ಸುಲಭದ ದಾರಿನಾ?

ಕೋಚ್ ಆರಿಸಿಕೊಂಡವರಿಗೆ ಹೌದು. ಹಾರ್ವರ್ಡ್ ವಿರುದ್ಧದ ಪ್ರವೇಶಾತಿ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದಲ್ಲಿ ಅಂಥ ಆಟಗಾರರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸೀಟು ಸಿಕ್ಕಿತ್ತು. ಉಳಿದ ಅರ್ಜಿದಾರರಲ್ಲಿ ನೂರಕ್ಕೆ ಹತ್ತು ಮಂದಿಗೂ ಸಿಗುವುದಿಲ್ಲ. ಈ ಬಾಗಿಲು ಎಷ್ಟು ಅಗಲ ಅಂತ ಗೊತ್ತಿದ್ದ ಶ್ರೀಮಂತರು ಮಕ್ಕಳನ್ನು ಸುಳ್ಳು ಆಟಗಾರರನ್ನಾಗಿ ತೋರಿಸಿ 2019ರಲ್ಲಿ ಸಿಕ್ಕಿಬಿದ್ದರು.

ಆದರೆ ಕೋಚ್ ಕಣ್ಣಿಗೆ ಬೀಳುವ ಮಟ್ಟ ಮುಟ್ಟಲು ಹತ್ತು ವರ್ಷದ ಶನಿವಾರ-ಭಾನುವಾರಗಳು ಹೋಗಿರುತ್ತವೆ. ಆಟ ಇಷ್ಟವಿಲ್ಲದ ಮಗುವಿಗೆ ಇದಕ್ಕಿಂತ ಉದ್ದದ ದಾರಿ ಇನ್ನೊಂದಿಲ್ಲ.

ಮುಂದೆ ಅದನ್ನೇ ವೃತ್ತಿ ಮಾಡ್ಕೊಳ್ಳೋ ಸಾಧ್ಯತೆ ಎಷ್ಟು?

ಫುಟ್‌ಬಾಲ್, ಪುರುಷರ ಬ್ಯಾಸ್ಕೆಟ್‌ಬಾಲ್ ಎರಡರಲ್ಲೂ ಕಾಲೇಜು ಆಟಗಾರರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನ ದೊಡ್ಡ ಲೀಗ್ ತಲುಪುತ್ತಾರೆ.

ನಾನು ಎರಡನೇ ವರ್ಷದಲ್ಲಿದ್ದೀನಿ. ತಂಡ ಬಿಡಬೇಕು ಅನ್ನಿಸ್ತಿದೆ. ಅಪ್ಪ-ಅಮ್ಮಂಗೆ ಹೇಗೆ ಹೇಳಲಿ?

ಇಂಥ ಪತ್ರ ವರ್ಷಕ್ಕೆ ಮೂರ್ನಾಲ್ಕು ಬರುತ್ತವೆ, ಹೆಚ್ಚಾಗಿ ರಾತ್ರಿ ಎರಡು ಗಂಟೆಗೆ ಬರೆದವು. ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ರಜೆಯಲ್ಲಿ, ಯಾರೂ ಹೇಳದಿದ್ದಾಗ, ನಿಮಗೆ ಆಡಬೇಕು ಅನ್ನಿಸುತ್ತದಾ? ಹೌದು ಅಂದರೆ ನಿಮಗೆ ಸಾಕಾಗಿರುವುದು ಆಟವಲ್ಲ, ಆ ತಂಡವೋ ಕೋಚೋ ನಿದ್ದೆಗೇಡೋ. ಆಗ ಟ್ರಾನ್ಸ್‌ಫರ್, ಕ್ಲಬ್ ತಂಡ, ಕಡಿಮೆ ಒತ್ತಡದ ಡಿವಿಷನ್ ಇವೆ. ಇಲ್ಲ ಅಂದರೆ ಬಿಡುವುದರಲ್ಲಿ ತಪ್ಪೇನಿಲ್ಲ.

ಆಮೇಲೆ ದುಡ್ಡಿನ ಲೆಕ್ಕ ಹಾಕಿ. ಬಿಟ್ಟರೆ ಸ್ಕಾಲರ್‌ಶಿಪ್ ಯಾವ ತಿಂಗಳು ನಿಲ್ಲುತ್ತದೆ, ಬೇರೆ ನೆರವು ಏನಿದೆ ಎಂದು ಹಣಕಾಸು ನೆರವಿನ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಅಪ್ಪ-ಅಮ್ಮ ಮೊದಲು ಕೇಳುವುದು ಅದನ್ನೇ. ಅವರು ಹತ್ತು ವರ್ಷ ನಸುಕಿನಲ್ಲಿ ಕಾರು ಓಡಿಸಿದ್ದಾರೆ, ಬೇಸರವಾಗುತ್ತದೆ, ಆಗಲಿ. ನಿದ್ದೆಯೇ ಬರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಈ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಇವತ್ತೇ 988 ಸಹಾಯವಾಣಿಗೆ ಕರೆ ಮಾಡಿ. ಅಮೆರಿಕದಲ್ಲಿ ಎಲ್ಲಿಂದಲಾದರೂ ಹಗಲು ರಾತ್ರಿ ಉತ್ತರಿಸುತ್ತಾರೆ.

ಕಾಲೇಜು ನೋಡೋಕೆ ಹೋದಾಗ ಕೋಚ್ ಹತ್ತಿರ ಏನು ಕೇಳ್ಬೇಕು?

ಕೋಚ್‌ಗೆ ಎರಡೇ ಪ್ರಶ್ನೆ. ಈ ತಂಡದಲ್ಲಿ ನನ್ನ ಮಗು ಬಯಸುವ ಮೇಜರ್ ಯಾರಾದರೂ ಓದುತ್ತಿದ್ದಾರಾ? ಗಾಯಗೊಂಡವರು ಆಡಬಹುದು ಅಂತ ಹೇಳುವವರು ಯಾರು, ವೈದ್ಯರಾ ನೀವಾ?

ಉಳಿದದ್ದನ್ನು ಮೂರನೇ ವರ್ಷದ ಆಟಗಾರರ ಹತ್ತಿರ ಕೇಳಿ, ಕೋಚ್ ಪಕ್ಕದಲ್ಲಿ ಇಲ್ಲದಾಗ. "ನೀನು ಮೊದಲು ಏನು ಓದಬೇಕು ಅಂದುಕೊಂಡಿದ್ದೆ?" ಅನ್ನಿ. ಆಮೇಲೆ "ಹೋದ ಮಂಗಳವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದೆ?" ಅನ್ನಿ. ಸಾಮಾನ್ಯವಾಗಿ ಅವರು ಫೋನ್ ತೆಗೆದು ಕ್ಯಾಲೆಂಡರ್ ತೋರಿಸುತ್ತಾರೆ. ಬಣ್ಣ ಬಣ್ಣದ ಪಟ್ಟಿಗಳ ಮಧ್ಯೆ ಖಾಲಿ ಬಿಳಿ ಜಾಗ ಎಷ್ಟಿದೆ ಅಂತ ನೋಡಿ.